ಕಾಲ್ಮನ್ ಡೆವನಿಗೆ ಊರು ಮಾಡಿದ ಉಪಕಾರ

ನಮ್ಮೂರು ಡ್ರಮ್‌ಕೀಲ್ ಫುಟ್‌ಬಾಲಿನಲ್ಲಿ ಕೌಂಟಿಯ, ಅಂದರೆ ಜಿಲ್ಲೆಯ, ಚಾಂಪಿಯನ್‌ಷಿಪ್ ಗೆದ್ದದ್ದು ಒಂದೇ ಒಂದು ಸಲ. ಆ ಕಪ್ಪು ಗೆಲ್ಲಿಸಿದ್ದು ಯಾರು ಅಂತ ಊರಲ್ಲಿ ಯಾರನ್ನು ಬೇಕಾದರೂ ಕೇಳಿ, ಟರ್ಲೋ ಕ್ರೆಗ್ ಅನ್ನುತ್ತಾರೆ. ಫಾದರ್ ನೈಹನ್ ಅವರನ್ನು ಕೇಳಿದ್ದರೆ ದೇವರು ಗೆಲ್ಲಿಸಿದ ಅನ್ನುತ್ತಿದ್ದರು, ಅದೂ ತಾವು ಪಕ್ಕದಲ್ಲಿ ನಿಂತು ದೇವರಿಗೆ ದಾರಿ ತೋರಿಸಿದ ಧಾಟಿಯಲ್ಲಿ. ನಾನು ಆ ತಂಡದ ಎಡಮೂಲೆಯ ಬ್ಯಾಕ್. ರೆಫರಿ ಆ ಕಡೆ ತಿರುಗಿದಾಗ ಎದುರಾಳಿಯ ಚಡ್ಡಿ ಹಿಡಿದು ನಿಲ್ಲಿಸುವುದು ನನ್ನ ಕೆಲಸ, ಅದನ್ನು ಶ್ರದ್ಧೆಯಿಂದ ಮಾಡುತ್ತಿದ್ದೆ. ನನ್ನನ್ನು ಕೇಳಿದರೆ ಕಪ್ಪು ಗೆಲ್ಲಿಸಿದ್ದು ಕಾಲ್ಮನ್ ಡೆವನಿ. ಅವರು ಆ ಫೈನಲ್ ನೋಡುವುದಕ್ಕೂ ಬಂದಿರಲಿಲ್ಲ.

ಕಾಲ್ಮನ್ ನಮ್ಮೂರ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದವರು. ಅವರ ಕಣ್ಣು ತಪ್ಪಿಸಿ ಹಾಲಿಗೆ ಒಂದು ಚಮಚ ನೀರು ಸೇರಿಸಲು ಡ್ರಮ್‌ಕೀಲಿನ ಯಾವ ಗಂಡಸಿಗೂ ಆಗಿರಲಿಲ್ಲ, ಯಾವ ಹೆಂಗಸಿಗೂ ಆಗಿರಲಿಲ್ಲ. ಒಮ್ಮೆ ಹೆಣ್ಣು ಕೊಟ್ಟ ಮಾವನ ಕ್ಯಾನನ್ನೇ ವಾಪಸ್ ಕಳಿಸಿದ್ದರು. "ನಿಮ್ಮ ಹಸು ರಾತ್ರಿಯೆಲ್ಲ ಮಳೇಲಿ ಬಾಯಿ ತೆರ್ಕೊಂಡು ನಿಂತಿತ್ತಾ, ಮಾವ?" ಅಂತ ಕೇಳಿದರಂತೆ. ಮಾವ ಸಾಯುವವರೆಗೂ ಅಳಿಯನ ಜತೆ ಮಾತಾಡಲಿಲ್ಲ. ಕಾಲ್ಮನ್ ಸುಳ್ಳು ಹೇಳಲಾರರು ಅನ್ನುವುದು ನಮ್ಮೂರಲ್ಲಿ ಹೊಗಳಿಕೆ ಅಲ್ಲ, ದೂರು.

ಇಂಥವರಿಗೆ ಇನ್ನೊಂದು ಕೆಲಸ ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಕೈಯಲ್ಲೂ ಕಾಲಲ್ಲೂ ಆಡುವ ನಮ್ಮ ನಾಡಿನ ಫುಟ್‌ಬಾಲಿಗೆ ಗೇಲಿಕ್ ಫುಟ್‌ಬಾಲ್ ಅನ್ನುತ್ತಾರೆ, ಆಗ ಅದರ ಸಂಘದಲ್ಲಿ ಒಂದು ನಿಯಮವಿತ್ತು. ಸಂಘದ ಸದಸ್ಯನಾದವನು ಇಂಗ್ಲಿಷರ ಆಟ ಆಡಬಾರದು. ಆಡುವುದಿರಲಿ, ನಿಂತು ನೋಡಲೂಬಾರದು. ಸಾಕರ್ ಅನ್ನುವ ಅವರ ಫುಟ್‌ಬಾಲ್, ರಗ್ಬಿ, ಕ್ರಿಕೆಟ್ ಎಲ್ಲವೂ ನಿಷಿದ್ಧ, ಸಿಕ್ಕಿಬಿದ್ದರೆ ಅಮಾನತು. ಇಂಗ್ಲಿಷರು ನಮ್ಮ ಕೌಂಟಿ ಬಿಟ್ಟು ಹೋಗಿ ಒಂದು ತಲೆಮಾರೇ ಕಳೆದಿತ್ತು. ಆದರೂ ಅವರ ಚೆಂಡನ್ನು ಕಣ್ಣೆತ್ತಿ ನೋಡಿದರೆ ಚೆಂಡಿನ ಹಿಂದೆಯೇ ಅವರೂ ಓಡಿ ಬಂದುಬಿಡುತ್ತಾರೆ ಅನ್ನುವ ಹೆದರಿಕೆ ನಮ್ಮ ಹಿರಿಯರಿಗೆ.

ಆದರೆ ಆ ಆಟಗಳಿಗೆ ಯಾರು ಹೋಗುತ್ತಾರೆ ಅಂತ ತಿಳಿಯಬೇಕಾದರೆ ಯಾರಾದರೂ ಅಲ್ಲಿಗೆ ಹೋಗಲೇಬೇಕಲ್ಲ. ಅದಕ್ಕೇ ಪ್ರತಿ ಊರಿಗೂ ಒಬ್ಬ ಕಣ್ಗಾವಲಿನವನು. ಅವನೊಬ್ಬನಿಗೆ ಮಾತ್ರ ವಿನಾಯಿತಿ. ಅವನು ಸಾಕರ್ ಮೈದಾನಕ್ಕೆ ಹೋಗಿ, ಬೆನ್ನು ಗೋಡೆಗೆ ಕೊಟ್ಟು ನಿಂತು, ಜನರ ಮುಖ ನೋಡಬೇಕು, ನಮ್ಮವರು ಕಂಡರೆ ಕೌಂಟಿ ಮಂಡಳಿಗೆ ವರದಿ ಮಾಡಬೇಕು. ಚಪ್ಪಾಳೆ ತಟ್ಟುವಂತಿಲ್ಲ, ಕೂಗುವಂತಿಲ್ಲ. ಡ್ರಮ್‌ಕೀಲಿನ ಪರವಾಗಿ ಕಾಲ್ಮನ್ ವರ್ಷಗಟ್ಟಲೆ ಪ್ರತಿ ಭಾನುವಾರ ಪೋರ್ಟ್‌ಮುಲ್ಲನ್ ಪಟ್ಟಣದ ರೈಲ್ವೆ ಮೈದಾನಕ್ಕೆ ಹೋದರು. ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬಂದ ಹೆಂಗಸರು ಅವರನ್ನು ನೋಡಿ, "ಪಾಪ, ಈ ಮಳೇಲಿ, ಆ ದರಿದ್ರ ಆಟದ ಮುಂದೆ," ಅಂತ ಲೊಚಗುಟ್ಟುತ್ತಿದ್ದರು. ಅವರ ಹೆಂಡತಿ ಅಟ್ರಾಕ್ಟಾ ಬ್ರೆಡ್ಡಿನ ನಡುವೆ ಹಂದಿಮಾಂಸ ಇಟ್ಟು ಕಟ್ಟಿಕೊಟ್ಟು, ಗಂಡನ ಕಷ್ಟ ಬೇಗ ಮುಗಿಯಲಿ ಅಂತ ಜಪಮಾಲೆ ಹಿಡಿದು ಕೂರುತ್ತಿದ್ದಳು.

ನಿಜ ಏನು ಅಂತ ಗೊತ್ತಿದ್ದದ್ದು ನನಗೊಬ್ಬನಿಗೆ. ನಾನು ಡೇರಿಯ ಲಾರಿ ಓಡಿಸುತ್ತಿದ್ದೆ. ಭಾನುವಾರ ಪಟ್ಟಣದ ಹೋಟೆಲುಗಳಿಗೆ ಬೆಣ್ಣೆ ಇಳಿಸಿ, ಮೈದಾನದ ಗೋಡೆಯ ಹೊರಗೆ ಲಾರಿ ನಿಲ್ಲಿಸಿಕೊಂಡು ಕಾಲ್ಮನ್‌ಗಾಗಿ ಕಾಯುತ್ತಿದ್ದೆ. ಅವರು ಹೊರಗೆ ಬರುವಾಗ ಮುಖ ನೋಡಬೇಕಿತ್ತು. ಹಬ್ಬದ ದಿನ ಹೊಸ ಬಟ್ಟೆ ಸಿಕ್ಕ ಮಗುವಿನ ಮುಖ.

"ನಮ್ಮೋರು ಯಾರಾದ್ರೂ ಸಿಕ್ಕಿದ್ರಾ, ಕಾಲ್ಮನ್?"

"ಯಾರೂ ಇಲ್ಲ. ಬರೋರು ಬರೋ ಹೊತ್ತಿಗೇ ಗೇಟಲ್ಲಿ ಒಂದೊಂದೇ ಮುಖ ನೋಡಿ ಮುಗಿಸ್ದೆ," ಅನ್ನುವರು. ಆಮೇಲೆ ಮಿಕ್ಕ ಬ್ರೆಡ್ಡನ್ನು ಚೂರು ಮಾಡಿ ಸ್ಟೀರಿಂಗಿನ ಮುಂದಿನ ಹಲಗೆಯ ಮೇಲೆ ಜೋಡಿಸುವರು. "ಈಗ ನೋಡು, ಇವ್ನು ಇಲ್ಲಿದ್ದಾನೆ. ಇವ್ನು ಓಡ್ತಾನೆ, ಆದ್ರೆ ಚೆಂಡಿಗಲ್ಲ, ಖಾಲಿ ಜಾಗಕ್ಕೆ. ಖಾಲಿ ಜಾಗಕ್ಕೆ ಓಡ್ತಾನೆ ಕಣೋ! ಚೆಂಡು ಆಮೇಲೆ ಬರುತ್ತೆ. ಎಂಥ ಚಂದ ಅಂತೀಯಾ!"

"ಇದು ವರದಿಗೆ ಸೇರುತ್ತಾ?"

"ಸೇರಲ್ಲ," ಅಂದು ಆ ಚೂರನ್ನು ಬಾಯಿಗೆ ಹಾಕಿಕೊಳ್ಳುವರು.

ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಆದರೆ ಬೇಲಿ ಒಂದು ದಿನವೂ ತನ್ನ ಕೆಲಸ ತಪ್ಪಿಸಿರಲಿಲ್ಲ. ವಾರದ ಆರು ದಿನ ಹುಳಿ ಹಾಲಿನ ವಾಸನೆಯಲ್ಲಿ ಜನರ ಬೈಗುಳ ತಿನ್ನುವ ಮನುಷ್ಯನಿಗೆ ಏಳನೆಯ ದಿನ ಇದೊಂದು ಇತ್ತು. ಇದ್ದುಕೊಳ್ಳಲಿ ಬಿಡು ಅಂತ ನಾನು ಸುಮ್ಮನಿದ್ದೆ.

ಆ ವರ್ಷ ನಮ್ಮ ತಂಡಕ್ಕೆ ಏನಾಯಿತೋ, ಗೆಲ್ಲತೊಡಗಿತು. ಮೊದಲ ಸುತ್ತು ಗೆದ್ದಾಗ ಎದುರಾಳಿಗಳಿಗೆ ಹೊಟ್ಟೆ ಕೆಟ್ಟಿತ್ತು ಅಂದುಕೊಂಡೆವು. ಎರಡನೆಯದು ಗೆದ್ದಾಗ ರೆಫರಿ ನಮ್ಮ ಕಡೆಯವರ ಬೀಗ ಅಂದುಕೊಂಡೆವು, ಅದು ನಿಜವೂ ಆಗಿತ್ತು. ಸೆಮಿಫೈನಲ್ ಗೆದ್ದಾಗ ಮಾತ್ರ ಸಬೂಬು ಸಿಗಲಿಲ್ಲ. ಎಲ್ಲ ಟರ್ಲೋ ಕ್ರೆಗ್‌ನ ಕಾಲು. ಕೆಂಪುಗೂದಲಿನ, ಉದ್ದ ಕೈಕಾಲಿನ ಹುಡುಗ. ಚೆಂಡು ಅವನ ಕೈಗೆ ಬಂತೆಂದರೆ ಬಲೆಯೊಳಗೆ ಹೋಗಿ ಗೋಲೋ ಅಡ್ಡಪಟ್ಟಿಯ ಮೇಲೆ ಹಾರಿ ಪಾಯಿಂಟೋ, ಎರಡರಲ್ಲೊಂದು ಖಂಡಿತ. ಊರಿಗೆ ಹುಚ್ಚು ಹಿಡಿಯಿತು. ಮನೆ ಬಾಗಿಲಿಗೆ ತಂಡದ ಹಸಿರು ಬಿಳಿ, ಗಾಡಿಗೆ ಹಸಿರು ಬಿಳಿ, ಕುರಿಗಳ ಬೆನ್ನಿಗೂ ಹಸಿರು ಬಣ್ಣ. ಫೈನಲ್‌ನಲ್ಲಿ ಎದುರಾಳಿ ಹೊಳೆಯಾಚೆಯ ಕ್ಲೂನಾರ್ಡ್. ಅವರ ಹತ್ತಿರ ಕಪ್ಪುಗಳನ್ನಿಡಲು ಬೀರುವೇ ಇತ್ತು. ನಮ್ಮ ಹತ್ತಿರ ಇದ್ದದ್ದು ಬೀರು ಒಂದೇ.

ಫೈನಲ್‌ಗೆ ಇನ್ನೆರಡು ವಾರ ಇದ್ದಾಗ ಕಾಲ್ಮನ್ ಮೈದಾನದಿಂದ ಹೊರಗೆ ಬಂದು ಲಾರಿ ಹತ್ತಿ ಕೂತರು. ಬ್ರೆಡ್ಡಿನ ಪೊಟ್ಟಣ ಬಿಚ್ಚಲಿಲ್ಲ.

"ಯಾಕೆ, ಆಟ ಚೆನ್ನಾಗಿರ್ಲಿಲ್ವಾ?"

"ಟರ್ಲೋ ಇದ್ದ."

"ಎಲ್ಲಿ?"

"ಒಳಗೆ."

"ಇಲ್ಲ ಕಾಲ್ಮನ್, ನೀವು ನೋಡ್ಲಿಲ್ಲ."

"ನೋಡ್ದೆ ಕಣೋ."

"ನೋಡ್ಲಿಲ್ಲ ಅಂತಿದೀನಲ್ಲ!" ಅಂತ ನಾನು ಸ್ಟೀರಿಂಗ್ ಗುದ್ದಿದೆ. ಹಾರ್ನ್ ಹೊಡೆದುಕೊಂಡಿತು. ಪಕ್ಕದಲ್ಲಿ ಹೋಗುತ್ತಿದ್ದ ಸನ್ಯಾಸಿನಿಯೊಬ್ಬರು ಶಿಲುಬೆಯ ಗುರುತು ಮಾಡಿಕೊಂಡರು. ಕಾಲ್ಮನ್ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಊರು ಬರುವವರೆಗೂ ಅದನ್ನೇ ತಿರುಗಿಸುತ್ತಿದ್ದರು.

ಸುದ್ದಿ ಹಬ್ಬಿತು, ಕಾಲ್ಮನ್ ವರದಿ ಕಳಿಸುವ ಮೊದಲೇ ತಡೆಯಲು ಮಾರನೆಯ ದಿನ ಲಾಲಿಯವರ ಪಬ್ಬಿನ ಹಿಂದಿನ ಕೋಣೆಯಲ್ಲಿ ಊರಿನ ಮುಖ್ಯರೆಲ್ಲ ಸೇರಿದರು. ನಮ್ಮ ಕ್ಲಬ್ಬಿನ ಅಧ್ಯಕ್ಷರಾದ ಫಾದರ್ ನೈಹನ್ ಬೆಂಕಿಗೆ ಬೆನ್ನು ಮಾಡಿ ನಿಂತು ಮೃದುವಾಗಿ ಶುರು ಮಾಡಿದರು.

"ಕಾಲ್ಮನ್, ಕೆಂಪುಗೂದಲಿನ ಹುಡುಗ್ರು ಈ ದೇಶದಲ್ಲಿ ಬೇಕಾದಷ್ಟಿದ್ದಾರಪ್ಪ. ದೂರದಿಂದ ಕಂಡಿದ್ದಲ್ವಾ?"

"ದೂರ ಏನಿಲ್ಲ ಫಾದರ್. ಮೈದಾನದೊಳಗಿನ ಟೀ ಅಂಗಡಿ ಹತ್ರ. ಅವ್ನೇ ನಂಗೆ ಟೀ ಕೊಡಿಸ್ದ."

"ಕುಡಿದ್ಯಾ?"

"ಕುಡಿದೆ. ಸಕ್ಕರೆ ಸ್ವಲ್ಪ ಜಾಸ್ತಿ ಆಗಿತ್ತು."

ಮೂಲೆಯಲ್ಲಿ ಕೂತಿದ್ದ ಟರ್ಲೋ ಎದ್ದ. "ಫಾದರ್, ದೇವರಾಣೆ, ನಾನು ಆಟಾನೇ ನೋಡ್ಲಿಲ್ಲ. ಚೆಂಡು ದುಂಡಗಿತ್ತೋ ಚೌಕಾಗಿತ್ತೋ ಅದೂ ಗೊತ್ತಿಲ್ಲ."

"ಮತ್ತೆ ಅಲ್ಲೇನು ಕಡಿದು ಕಟ್ಟೆ ಹಾಕ್ತಿದ್ದೆ?"

"ಟೀ ಕುಡೀತಿದ್ದೆ."

"ಪೂರ್ತಿ ಆಟದ ಹೊತ್ತು?"

ಟರ್ಲೋನ ಕಿವಿಯೂ ಕೂದಲಿನ ಬಣ್ಣಕ್ಕೆ ತಿರುಗಿತು. ಅಲ್ಲಿ ಟೀ ಮಾಡುವವಳು ಎಂಥ ಚೆಲುವೆ ಅಂತ ಪಟ್ಟಣಕ್ಕೆ ಹೋಗುವವರಿಗೆಲ್ಲ ಗೊತ್ತಿತ್ತು. ಫಾದರ್ ನಿಟ್ಟುಸಿರು ಬಿಟ್ಟರು. "ಹುಡುಗಿ ಹೆಸರೇನು?"

"ಇನ್ನೂ ಕೇಳಿಲ್ಲ ಫಾದರ್. ಮುಂದಿನ ವಾರ ಕೇಳೋಣ ಅಂತಿದ್ದೆ."

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಟರ್ಲೋನನ್ನು ಫೈನಲ್ ಆಡಿಸಬಾರದು ಅಂತ ಕ್ಲೂನಾರ್ಡಿನವರು ಮಂಡಳಿಗೆ ಆಕ್ಷೇಪಣೆ ಸಲ್ಲಿಸಿದ್ದಾರೆ, ಗುರುವಾರ ವಿಚಾರಣೆ. ಅವರ ಊರಿನ ಕಣ್ಗಾವಲಿನವನು ಆ ದಿನ ಹೋಗಿರಲಿಲ್ಲ, ಕದ್ದು ಹೋಗಿದ್ದ ಇನ್ನೊಬ್ಬ ಟರ್ಲೋನನ್ನು ಕಣ್ಣಾರೆ ಕಂಡಿದ್ದ. ಆದರೆ ಕಂಡೆ ಅಂತ ಬಾಯಿಬಿಟ್ಟರೆ ತಾನೂ ಅಲ್ಲಿದ್ದೆ ಅಂತ ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡ ತಕ್ಷಣ ಅವನೇ ಅಮಾನತು, ಅಮಾನತಾದವನ ಸಾಕ್ಷಿ ನಡೆಯುವುದಿಲ್ಲ. ಅದಕ್ಕೇ ಅವರು ಸಾಕ್ಷಿಯಾಗಿ ಹೆಸರಿಸಿದ್ದು ವಿನಾಯಿತಿ ಇರುವ, ಸುಳ್ಳು ಹೇಳದ ಒಬ್ಬನೇ ಮನುಷ್ಯನನ್ನು. ನಮ್ಮ ಕಾಲ್ಮನ್‌ರನ್ನು.

ಕೋಣೆಯಲ್ಲಿದ್ದವರೆಲ್ಲ ಕಾಲ್ಮನ್ ಕಡೆ ನೋಡಿದರು. ಒಬ್ಬ ಅತ್ತ. ಇನ್ನೊಬ್ಬ, "ಒಂದೇ ಒಂದು ಸುಳ್ಳು ಕಾಲ್ಮನ್, ಊರಿಗೋಸ್ಕರ," ಅಂದ. ಫಾದರ್ ಆ ಹೊತ್ತಿನಲ್ಲಿ ಬೆಂಕಿ ಕೆದಕುವುದರಲ್ಲಿ ಮಗ್ನರಾಗಿದ್ದು ಏನನ್ನೂ ಕೇಳಿಸಿಕೊಳ್ಳಲಿಲ್ಲ.

"ಆಗಲ್ಲ ಕಣಪ್ಪ," ಅಂದರು ಕಾಲ್ಮನ್. "ನಂಗೂ ಕಪ್ಪು ಬೇಕು. ಆದ್ರೆ ಕಂಡಿದ್ದನ್ನ ಕಂಡಿಲ್ಲ ಅನ್ನೋಕೆ ನಂಗೆ ಬರಲ್ಲ."

ಫಾದರ್ ನೈಹನ್ ಸೆಮಿನರಿಯಲ್ಲಿ ಧರ್ಮಶಾಸ್ತ್ರ ಓದಿದವರು. ಬೆಂಕಿ ಕೆದಕುತ್ತಲೇ ಕೇಳಿದರು: "ಕಾಲ್ಮನ್, ಕಣ್ಗಾವಲಿನ ಕೆಲಸ ವರ್ಷ ವರ್ಷ ಹೊಸದಾಗಿ ಕೊಡೋದಲ್ವಾ? ಜನವರಿ ಸಭೆಯಲ್ಲಿ? ಈ ವರ್ಷ ನಿನ್ನ ಹೆಸರು ಸೂಚಿಸಿದ್ದು ಯಾರು?"

ಯಾರಿಗೂ ನೆನಪಾಗಲಿಲ್ಲ. ಯಾಕೆಂದರೆ ಯಾರೂ ಸೂಚಿಸಿರಲಿಲ್ಲ. ಆ ಸಭೆಯಲ್ಲಿ ಜೆರ್ಸಿಯ ಕಾಲರ್ ಬಿಳಿಯೋ ಹಸಿರೋ ಅನ್ನುವುದಕ್ಕೆ ಜಗಳ ಹತ್ತಿ, ಕುರ್ಚಿಗಳು ಎದ್ದು, ಮಿಕ್ಕ ವಿಷಯಗಳಿಗೆ ಬರುವ ಮೊದಲೇ ಸಭೆ ಬರಖಾಸ್ತಾಗಿತ್ತು. ಕಾಲ್ಮನ್ ಎಂದಿನಂತೆ ಮುಂದಿನ ಭಾನುವಾರ ಹೊರಟಿದ್ದರು, ನಾವು ಎಂದಿನಂತೆ ಪಾಪ ಅಂದಿದ್ದೆವು.

"ಹಾಗಾದ್ರೆ ಈ ವರ್ಷವೆಲ್ಲ ನೀನು ಅಲ್ಲಿ ನಿಂತಿದ್ದು ಕಣ್ಗಾವಲಿನವನಾಗಿ ಅಲ್ಲ," ಅಂದರು ಫಾದರ್, ಮುಖದಲ್ಲಿ ಬೆಳಕು ಹೊತ್ತಿಕೊಂಡು. "ಸುಮ್ಮನೆ ಒಬ್ಬ ಸದಸ್ಯನಾಗಿ. ಅದನ್ನೇ ಹೇಳು. ನಿಜಾನೇ ಹೇಳು. ನೀನು ಅಮಾನತು ಆಗ್ತೀಯ, ನಿನ್ನ ಸಾಕ್ಷಿ ಬಿದ್ದುಹೋಗುತ್ತೆ."

"ಫಾದರ್, ಸಭೆ ನಡೀಲಿಲ್ಲ ಅಂದ್ರೆ ನೀವೂ ಈ ವರ್ಷ ಅಧ್ಯಕ್ಷರಾಗಿ ಆಯ್ಕೆ ಆಗಿಲ್ವಲ್ಲ?" ಅಂದೆ ನಾನು.

"ಅದು ಬೇರೆ ವಿಷಯ," ಅಂದರು ಫಾದರ್.

ಕಾಲ್ಮನ್ ಕೇಳಿದ್ದು ಒಂದೇ ಮಾತು. "ಹಾಗಾದ್ರೆ ಆ ಕೆಲಸ ಇನ್ನು ನಂಗಿಲ್ಲ?"

"ಇಲ್ಲಪ್ಪ! ಬಿಡುಗಡೆ!" ಅಂತ ಎಲ್ಲರೂ ಅವರ ಬೆನ್ನು ತಟ್ಟಿದರು. ನನಗೆ ಮೈಯುರಿಯಿತು. ಬಾಯಿ ಬಿಟ್ಟು ಹೇಳೋಣವೆಂದರೆ ಕಾಲ್ಮನ್ ಮಾನವೇ ಹೋಗುತ್ತದೆ. ಅವರು ನನ್ನ ಕಡೆ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದರು.

ಗುರುವಾರ ಪಟ್ಟಣದ ಹೋಟೆಲಿನ ಮಾಳಿಗೆಯಲ್ಲಿ ಕ್ಲೂನಾರ್ಡಿನ ಕಾರ್ಯದರ್ಶಿ ಮೀಸೆ ತಿರುವುತ್ತ ಕೇಳಿದ: "ಕಾಲ್ಮನ್ ಡೆವನಿ, ಆ ದಿನ ಮೈದಾನದಲ್ಲಿ ಯಾರನ್ನ ಕಂಡ್ರಿ?"

"ಅದಕ್ಕೆ ಮೊದ್ಲು ನಾನಲ್ಲಿ ಯಾಕಿದ್ದೆ ಅಂತ ಹೇಳ್ಬೇಕು," ಅಂದರು ಕಾಲ್ಮನ್. "ನಂಗೆ ಈ ವರ್ಷ ಆ ಕೆಲಸ ಯಾರೂ ಕೊಟ್ಟಿಲ್ಲ. ನಾನು ಆಟ ನೋಡೋಕೆ ಹೋಗಿದ್ದೆ."

ನನ್ನೊಬ್ಬನ ಹೊರತು ಮಿಕ್ಕವರೆಲ್ಲರೂ ಅದನ್ನು ವಕೀಲಿ ಜಾಣತನ ಅಂದುಕೊಂಡರು. ಮಂಡಳಿ ನಿಯಮದ ಪುಸ್ತಕವನ್ನು ಹಿಂದೆ ಮುಂದೆ ತಿರುವಿ, ಕಾಲ್ಮನ್‌ರನ್ನು ಅನಿರ್ದಿಷ್ಟ ಕಾಲಕ್ಕೆ ಅಮಾನತು ಮಾಡಿತು, ಸಾಕ್ಷಿಯಿಲ್ಲವೆಂದು ಟರ್ಲೋನನ್ನು ನಿರ್ದೋಷಿ ಅಂತ ಘೋಷಿಸಿತು. ಕ್ಲೂನಾರ್ಡಿನ ಕಾರ್ಯದರ್ಶಿಯ ಮೀಸೆ ಇಳಿಯಿತು.

ಭಾನುವಾರ ಬೆಳಿಗ್ಗೆ ನಾನು ಲಾರಿಯಲ್ಲಿ ಬೆಣ್ಣೆ ತುಂಬಿಸುತ್ತಿದ್ದೆ. ಕಾಲ್ಮನ್ ಬಂದು ಪಕ್ಕದಲ್ಲಿ ನಿಂತರು.

"ಅಲ್ಲಾ, ಒಂದು ಮಾತು. ಅಮಾನತಾದೋನು ಸಂಘದ ಸದಸ್ಯ ಅಲ್ಲ ತಾನೇ?"

"ಅಲ್ಲ."

"ಸದಸ್ಯ ಅಲ್ಲದೋನಿಗೆ ಸಂಘದ ನಿಯಮ ಅನ್ವಯಿಸಲ್ಲ ತಾನೇ?"

ನಾನು ಬೆಣ್ಣೆಯ ಪೆಟ್ಟಿಗೆ ಕೆಳಗಿಟ್ಟು ನಕ್ಕೆ. ಅವರೂ ನಕ್ಕರು. ಆ ಮನುಷ್ಯನಿಗೆ ಮುಂದಿನ ಒಂದು ಹಲ್ಲಿಲ್ಲ ಅಂತ ನನಗೆ ಅಂದೇ ಗೊತ್ತಾದದ್ದು.

ಅವತ್ತು ಗೋಡೆಯ ಹೊರಗೆ ಲಾರಿಯಲ್ಲಿ ಕೂತಿದ್ದಾಗ ಒಳಗಿಂದ ಒಂದು ಗಂಟಲು ಕೇಳಿಸಿತು. "ಎಡಕ್ಕೆ ಕೊಡೋ, ಕತ್ತೆ! ಎಡಕ್ಕೆ!" ಡೇರಿಯಲ್ಲಿ ಎರಡು ಮಾತಿಗಿಂತ ಹೆಚ್ಚು ಆಡದ ಗಂಟಲು. ಇಷ್ಟು ವರ್ಷ ಬೆನ್ನು ಗೋಡೆಗೆ ಕೊಟ್ಟು ತುಟಿ ಬಿಗಿದು ನಿಂತಿದ್ದರಲ್ಲ, ಅದರ ಬಡ್ಡಿಯೆಲ್ಲ ಒಂದೇ ದಿನ ತೀರಿಸಿಕೊಳ್ಳುತ್ತಿದ್ದರು. ಕೇಳುತ್ತ ಕೇಳುತ್ತ ನನಗೆ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಫೈನಲ್ ನಡೆದದ್ದೂ ಭಾನುವಾರವೇ, ಅದರ ಮುಂದಿನ ವಾರ. ಮೊಣಕಾಲುದ್ದ ಕೆಸರು, ಎದುರು ಗಾಳಿ. ಕ್ಲೂನಾರ್ಡಿನ ಫಾರ್ವರ್ಡಿನ ಚಡ್ಡಿಯ ಲಾಡಿ ಕೊನೆಗೂ ನನ್ನ ಕೈಗೇ ಬಂತು. ಅದರ ಬಗ್ಗೆ ಇನ್ನೂ ಜನ ಮಾತಾಡುತ್ತಾರೆ. ಕೊನೆಯ ಗಳಿಗೆಯಲ್ಲಿ ಟರ್ಲೋ ಬಿದ್ದಲ್ಲಿಂದಲೇ ಒದ್ದ ಚೆಂಡು ಅಡ್ಡಪಟ್ಟಿಯ ಮೇಲೆ ಹಾರಿತು. ಒಂದು ಪಾಯಿಂಟಿನಿಂದ ಗೆದ್ದೆವು. ಫಾದರ್ ನೈಹನ್ ಕೆಸರಿನಲ್ಲಿ ಮಂಡಿಯೂರಿದರು, ಪ್ರಾರ್ಥನೆಗೋ ಜಾರಿಯೋ ತಿಳಿಯಲಿಲ್ಲ. ಡ್ರಮ್‌ಕೀಲಿನಲ್ಲಿ ಅವತ್ತು ಹಾಸಿಗೆ ಹಿಡಿದವರನ್ನೂ ಗಾಡಿಯಲ್ಲಿ ಹೊತ್ತು ತಂದಿದ್ದರು. ಕಾಣದೆ ಇದ್ದವರು ಕಾಲ್ಮನ್ ಒಬ್ಬರೇ.

"ಪಾಪ, ನಾಚಿಕೆಯಿಂದ ಬಂದಿಲ್ಲ," ಅಂದರು ಜನ. ಕಾಲ್ಮನ್ ಅದೇ ಹೊತ್ತಿಗೆ ಪೋರ್ಟ್‌ಮುಲ್ಲನ್‌ನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದರು. ಅವತ್ತು ಅಲ್ಲೂ ಒಳ್ಳೆಯ ಆಟವಂತೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಮ್ಮೂರನ್ನು ನಾನು ಕ್ಷಮಿಸುತ್ತಿದ್ದೆ. ಆದರೆ ನಮ್ಮೂರಿಗೆ ಕೃತಜ್ಞತೆ ಅನ್ನುವ ಒಂದು ರೋಗವಿದೆ, ಅಪರೂಪಕ್ಕೆ ಬರುತ್ತದೆ, ಬಂದರೆ ಯಾರನ್ನಾದರೂ ಬಲಿ ತೆಗೆದುಕೊಳ್ಳದೆ ಹೋಗುವುದಿಲ್ಲ. ಚಳಿಗಾಲದಲ್ಲಿ ಒಂದು ದಿನ ಅಟ್ರಾಕ್ಟಾ ಫಾದರ್ ಮುಂದೆ ಅತ್ತಳು.

"ಅವ್ರು ಇನ್ನೂ ಪ್ರತಿ ಭಾನುವಾರ ಆ ಜಾಗಕ್ಕೇ ಹೋಗ್ತಾರೆ ಫಾದರ್. ಸಂಘದಿಂದ ಹೊರಗೆ ಹಾಕಿದ್ದು ತಲೆಗೆ ಹತ್ತಿಬಿಟ್ಟಿದೆ. ಸಂಜೆ ಬರುವಾಗ ಗಂಟಲು ಕಟ್ಟಿರುತ್ತೆ, ಮಾತೇ ಹೊರಡಲ್ಲ. ದಾರಿಯುದ್ದಕ್ಕೂ ಅತ್ತಿರ್ತಾರೆ."

ಊರು ಕರಗಿ ನೀರಾಯಿತು. ನಾನು ಫಾದರ್ ಹತ್ತಿರ ಹೋಗಿ, "ಬಿಟ್ಬಿಡಿ ಫಾದರ್, ಅವ್ರು ಹಾಗೇ ನೆಮ್ಮದಿಯಾಗಿರ್ಬಹುದು," ಅಂದೆ.

"ಸಂಘದ ಹೊರಗೆ ನೆಮ್ಮದಿ?" ಅಂದರು ಅವರು, ನಾನು ನರಕದಲ್ಲಿ ತಂಪಾಗಿದೆ ಅಂದವನ ಹಾಗೆ ನೋಡಿ. "ನೀನು ಲಾರಿ ಓಡಿಸು."

ಊರ ಸಭಾಂಗಣದಲ್ಲಿ ವಿಜಯದ ಔತಣ. ಹಂದಿಮಾಂಸ, ಎಲೆಕೋಸು, ಬೆಣ್ಣೆ ಹಾಕಿದ ಆಲೂಗಡ್ಡೆ. ಕಪ್ಪಿನ ತುಂಬ ವಿಸ್ಕಿ ಕೈಯಿಂದ ಕೈಗೆ ಹೋಗುತ್ತಿತ್ತು. ಫಾದರ್ ಎದ್ದು ನಿಂತು ಕಾಲ್ಮನ್‌ರನ್ನು ವೇದಿಕೆಗೆ ಕರೆದರು.

"ಈ ಮನುಷ್ಯ ನಮಗೋಸ್ಕರ ಕಳಂಕ ಹೊತ್ತ. ಇವತ್ತು ಆ ಕಳಂಕ ತೊಳೆದಿದ್ದೀವಿ. ಮಂಡಳಿ ಅಮಾನತು ರದ್ದು ಮಾಡಿದೆ. ಅಷ್ಟೇ ಅಲ್ಲ, ಕಾಲ್ಮನ್ ಇನ್ನು ನಮ್ಮ ಕ್ಲಬ್ಬಿನ ಆಜೀವ ಗೌರವ ಸದಸ್ಯ!" ಜನ ಮೇಜು ಕುಟ್ಟಿದರು. ಫಾದರ್ ಕೈಯೆತ್ತಿ ನಿಲ್ಲಿಸಿದರು. "ಇನ್ನೂ ಒಂದು. ಆ ದರಿದ್ರ ಮೈದಾನಕ್ಕೆ ನಮ್ಮ ಕಾಲ್ಮನ್ ಈ ಜನ್ಮದಲ್ಲಿ ಇನ್ನೊಮ್ಮೆ ಕಾಲಿಡಬೇಕಾಗಿಲ್ಲ. ಆ ಕೆಲಸ ಬೇರೆಯವರಿಗೆ ಕೊಟ್ಟಿದ್ದೀವಿ, ಈ ಸಲ ಸರಿಯಾಗಿ ಸೂಚಿಸಿ, ಅನುಮೋದಿಸಿ."

"ಯಾರಿಗೆ ಫಾದರ್?" ಅಂತ ಕೇಳಿದರು ಕಾಲ್ಮನ್.

"ಟರ್ಲೋಗೆ. ವಿಚಾರಣೆ ಆಗಿ ನಿರ್ದೋಷಿ ಅಂತ ತೀರ್ಮಾನ ಆಗಿರೋನು ಇಡೀ ಕೌಂಟಿಯಲ್ಲಿ ಅವನೊಬ್ನೇ. ಮಿಕ್ಕವರನ್ನ ಯಾರು ಪರೀಕ್ಷೆ ಮಾಡಿದ್ದಾರೆ?"

ಕಾಲ್ಮನ್ ಬೇಡ ಅನ್ನಬಹುದಿತ್ತು. ಆದರೆ ಎದುರಿಗೆ ಅಟ್ರಾಕ್ಟಾ ಸಂತೋಷಕ್ಕೆ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ನಮ್ಮೂರಲ್ಲಿ ಸಂಘ ಬೇಡ ಅನ್ನುವುದೂ ದೇವರು ಬೇಡ ಅನ್ನುವುದೂ ಒಂದೇ. ಅವರು ಟೋಪಿಯನ್ನು ಎರಡು ಕೈಯಲ್ಲಿ ಹಿಡಿದು, "ತುಂಬಾ ಉಪಕಾರ ಆಯ್ತು," ಅಂದರು. ದನಿ ಸ್ವಚ್ಛವಾಗಿತ್ತು. ಆ ಭಾನುವಾರ ಔತಣವಿದ್ದದ್ದರಿಂದ ಪಟ್ಟಣಕ್ಕೆ ಹೋಗಿರಲಿಲ್ಲ.

ಮುಂದಿನ ಭಾನುವಾರ ನನ್ನ ಲಾರಿಯಲ್ಲಿ ಟರ್ಲೋ ಹೋದ. ಕೂದಲಿಗೆ ಎಣ್ಣೆ ಹಚ್ಚಿ, ಬೂಟಿಗೆ ಪಾಲಿಶ್ ಹಾಕಿಕೊಂಡು, ಡ್ಯೂಟಿಗೆ.

ಸೋಮವಾರ ಬೆಳಿಗ್ಗೆ ಡೇರಿಯ ಮುಂದೆ ಗಾಡಿಗಳ ಸಾಲು. ಟರ್ಲೋ ತನ್ನ ಮನೆಯ ಕ್ಯಾನುಗಳನ್ನು ಇಳಿಸುತ್ತಿದ್ದ. ಕಾಲ್ಮನ್ ಹೊರಗೆ ಬಂದು ಆಚೀಚೆ ನೋಡಿ ದನಿ ತಗ್ಗಿಸಿದರು.

"ನಿನ್ನೆ ಹೇಗಿತ್ತೋ?"

"ನಮ್ಮೋರು ಒಬ್ರೂ ಇರ್ಲಿಲ್ಲ ಕಾಲ್ಮನ್."

"ಅದಲ್ಲ. ಆಟ."

"ಆಟಾನಾ? ಆಡಿದ್ರು."

"ಯಾರು ಗೆದ್ರು?"

ಟರ್ಲೋ ತಲೆ ಕೆರೆದುಕೊಂಡ. "ಜನ ಎರಡು ಸಲ ಜೋರಾಗಿ ಕೂಗಿದ್ರು. ಟೀ ಅಂಗಡೀಲಿ ಕೂತ್ರೆ ಮೈದಾನಕ್ಕೆ ಬೆನ್ನು ಬರುತ್ತೆ ಕಾಲ್ಮನ್, ಏನು ಮಾಡ್ಲಿ."

ಹಿಂದಿನ ಗಾಡಿಯವನು ಬೇಗ ಮುಗಿಸಿ ಅಂತ ಕೂಗಿದ. ಕಾಲ್ಮನ್‌ಗೆ ಅದು ಕೇಳಿಸಲಿಲ್ಲ. ಜೀವಮಾನದಲ್ಲಿ ಯಾರ ಮುಂದೆಯೂ ಕೈಚಾಚದ ಮನುಷ್ಯ ಆ ಹುಡುಗನ ತೋಳು ಹಿಡಿದುಕೊಂಡರು.

"ನಿನ್ನ ದಮ್ಮಯ್ಯ ಕಣೋ," ಅಂದರು. "ಒಂದು ಸಲ ತಿರುಗಿ ನೋಡು."